ಏರಿನ ನಡುವೆ ನ್ಯೂಟ್ರಲ್‌ಗೆ ಬಿದ್ದ ಗಾಡಿ: ಒಂದು ಪ್ರಕರಣ ಅಧ್ಯಯನ

ಮಳೆ ನಿಂತು ಹೆಚ್ಚು ಹೊತ್ತಾಗಿರದ ಮಣ್ಣಿನ ಏರೊಂದರಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯೊಂದು ಮುಕ್ಕಾಲು ಪಾಲು ಹತ್ತಿ ನಿಂತಿತು. ಚಾಲಕ ಅಲ್ಲಿಯೇ ಲೋ ರೇಂಜಿಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್ ಜೋಡಣೆಗೆ) ಹಾಕಿ ಮತ್ತೆ ಹೊರಡಲು ಯತ್ನಿಸಿದಾಗ ಗಾಡಿ ಮುಂದಕ್ಕೆ ಹೋಗದೆ ಹಿಂದಕ್ಕೆ ಉರುಳಿತು. ಬ್ರೇಕ್ ಒತ್ತಿದ ಮೇಲೆ ಅದರ ಮೂತಿ ಪಕ್ಕಕ್ಕೆ ತಿರುಗಿ, ಹಿಂಬದಿ ದಾರಿಯ ಅಂಚಿನ ದರೆಗೆ ಬಡಿದು, ಗಾಡಿ ಇಳಿಜಾರಿಗೆ ಬಹುತೇಕ ಅಡ್ಡವಾಗಿ ವಾಲಿಕೊಂಡು ನಿಂತಿತು. ಒಳಗಿದ್ದವರಿಗೆ ಗಾಯಗಳಾಗಲಿಲ್ಲ, ಹಿಂದಿನ ಬಂಪರ್ ಮತ್ತು ಒಂದು ದೀಪ ಒಡೆದವು. ನಷ್ಟ ಸಣ್ಣದಾದರೂ ಈ ಪ್ರಕರಣವನ್ನು ಬಿಡಿಸಿ ನೋಡುವುದು ಉಪಯುಕ್ತ, ಏಕೆಂದರೆ ಇಲ್ಲಿ ಗಾಡಿಯ ಯಾವ ಭಾಗವೂ ಕೆಟ್ಟಿರಲಿಲ್ಲ, ಚಾಲಕನೂ ಹೊಸಬನಾಗಿರಲಿಲ್ಲ. ರೇಂಜ್ ಯಾವುದಿರಬೇಕು ಎಂಬ ತೀರ್ಮಾನವನ್ನು ಸಮತಟ್ಟು ನೆಲದಲ್ಲಿ ಮಾಡಬೇಕಿತ್ತು. ಅದನ್ನು ಏರಿನ ನಡುವೆ ಮಾಡಲಾಯಿತು. ಉಳಿದೆಲ್ಲವೂ ಅದರಿಂದಲೇ ಹುಟ್ಟಿತು ಎಂಬುದು ನನ್ನ ಅಭಿಪ್ರಾಯ.

ಗಾಡಿ ಮತ್ತು ದಾರಿ

ಗಾಡಿ ಏಣಿಯಾಕಾರದ ಚಾಸಿಯ ಮೇಲೆ ಕಟ್ಟಿದ, ಮ್ಯಾನ್ಯುಯಲ್ ಗೇರಿನ, ಡೀಸೆಲ್ ಎಂಜಿನ್ನಿನ ಹಳೆಯ ಮಾದರಿ. ಇದರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರಲಿಲ್ಲ. ಸಾಮಾನು ಸೇರಿ ಸುಮಾರು 2,400 ಕಿಲೋ ತೂಗುತ್ತಿತ್ತು. ಆ ಸಾಮಾನಿನಲ್ಲಿ ಹೆಚ್ಚಿನ ಪಾಲು ಹಿಂಬದಿಯಲ್ಲಿತ್ತು, ಸುಮಾರು 90 ಕಿಲೋ ಚಾವಣಿಯ ಕ್ಯಾರಿಯರ್ ಮೇಲಿತ್ತು. ಟ್ರಾನ್ಸ್‌ಫರ್ ಕೇಸಿಗೆ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ರೇಂಜ್ ಬದಲಿಸುವ ಪೆಟ್ಟಿಗೆಗೆ) ಕೈಲಿವರ್ ಇದ್ದು, ಅದರಲ್ಲಿ ಕ್ರಮವಾಗಿ ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ ಎಂಬ ನಾಲ್ಕು ಸ್ಥಾನಗಳಿದ್ದವು. ಟೂ, ಫೋರ್ ಎಂದರೆ ಎಂಜಿನ್ನಿನ ಬಲ ಪಡೆಯುವ ಚಕ್ರಗಳ ಸಂಖ್ಯೆ; ಹೈ, ಲೋ ಎಂದರೆ ರೇಂಜ್. ಹೈನಿಂದ ಲೋಗೆ ಹೋಗುವ ಲಿವರ್ ನ್ಯೂಟ್ರಲ್ ದಾಟಿಯೇ ಹೋಗಬೇಕೆಂಬುದನ್ನು ಓದುಗರು ಇಲ್ಲಿಯೇ ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಏರಿನ ಇಳಿಜಾರು ಸುಮಾರು 18 ಡಿಗ್ರಿ, ಅಂದರೆ ಮೂರು ಮೀಟರ್ ಮುಂದೆ ಹೋದರೆ ಹೆಚ್ಚುಕಡಿಮೆ ಒಂದು ಮೀಟರ್ ಮೇಲೇರುವಷ್ಟು. ಕೆಳಗಿನ ಅರ್ಧ ಮರದ ನೆರಳಿನಲ್ಲಿದ್ದು ಅಲ್ಲಿ ಜೇಡಿಮಣ್ಣು ನೆನೆದು ನುಣುಪಾಗಿತ್ತು. ಮೇಲಿನ ಅರ್ಧದಲ್ಲಿ ಗರಸು ಬಿಗಿಯಾಗಿತ್ತು. ಒಂದು ಪಕ್ಕದಲ್ಲಿ ದರೆ, ಇನ್ನೊಂದು ಪಕ್ಕದಲ್ಲಿ ನೀರು ಹರಿದು ಆದ ಕೊರಕಲು. ಕೆಳಗಿನಿಂದ ನೋಡುವವರಿಗೆ ಇದು ಸಾಧಾರಣ ಏರಿನಂತೆಯೇ ಕಾಣುತ್ತಿತ್ತು. ಚಾಲಕ ಇಳಿದು ನಡೆದು ನೋಡಲಿಲ್ಲ.

ಡಾಂಬರಿನ ಮೇಲೆ ಶುರುವಾದದ್ದು

ಕಥೆ ಏರಿನ ಬುಡದಲ್ಲಿ ಆರಂಭವಾಗುವುದಿಲ್ಲ. ಮಣ್ಣಿನ ದಾರಿ ಸಿಗುವ ಮೊದಲೇ, ಮಳೆ ಬರುತ್ತಿದೆಯೆಂಬ ಕಾರಣಕ್ಕೆ, ಚಾಲಕ ಡಾಂಬರು ರಸ್ತೆಯಲ್ಲಿಯೇ ಫೋರ್ ಹೈಗೆ ಹಾಕಿಕೊಂಡಿದ್ದರು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋದರೆ ಗಾಡಿ ರಸ್ತೆಗೆ ಹೆಚ್ಚು ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದರಲ್ಲಿ ಅರ್ಧ ಮಾತ್ರ ಸತ್ಯ. ಎಂಜಿನ್ನಿನ ಬಲ ನಾಲ್ಕು ಚಕ್ರಗಳಿಗೆ ಹಂಚಿಹೋಗುವುದರಿಂದ ಹೊರಡುವಾಗ, ಏರುವಾಗ, ವೇಗ ಹೆಚ್ಚಿಸುವಾಗ ಚಕ್ರ ತಿರುಗಿ ಜಾರುವುದು ತಪ್ಪುತ್ತದೆ. ಬ್ರೇಕ್ ಮಾತ್ರ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ, ಆದ್ದರಿಂದ ನಿಲ್ಲುವ ದೂರದಲ್ಲಿ ಫೋರ್ ವೀಲ್ ಡ್ರೈವ್‌ನಿಂದ ಲಾಭವಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಘರ್ಷಣಾಂಕ (ಟೈರ್ ನೆಲವನ್ನು ಎಷ್ಟು ಹಿಡಿಯುತ್ತದೆ ಎಂಬ ಅಳತೆ) 0.7 ಇರುವ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 36 ಮೀಟರ್ ಬೇಕಾದರೆ, ಅದು 0.4ಕ್ಕೆ ಇಳಿದ ಒದ್ದೆ ರಸ್ತೆಯಲ್ಲಿ ಸುಮಾರು 63 ಮೀಟರ್ ಬೇಕು. ಚಾಲಕ ಅಪಾಯ ಕಂಡು ಪೆಡಲಿಗೆ ಕಾಲು ತರುವ ಒಂದೂವರೆ ಸೆಕೆಂಡಿನಲ್ಲಿ ಕಳೆಯುವ 33 ಮೀಟರ್ ಇದಕ್ಕೆ ಸೇರಬೇಕು. ಎಂಜಿನ್ ಎಷ್ಟು ಚಕ್ರಗಳನ್ನು ತಿರುಗಿಸುತ್ತಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಇನ್ನೊಂದು ತೊಡಕು ಈ ಗಾಡಿಯ ರಚನೆಯಲ್ಲಿಯೇ ಇದೆ. ಇಂಥ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ (ಬೇಕಾದಾಗ ಮಾತ್ರ ನಾಲ್ಕು ಚಕ್ರಗಳಿಗೆ ಬಲ ಕೊಡುವ ಬಗೆ) ಮಧ್ಯದ ಡಿಫರೆನ್ಷಿಯಲ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಇರುವುದಿಲ್ಲ. ಫೋರ್ ಹೈಗೆ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಮಣ್ಣಿನಲ್ಲಾದರೆ ಟೈರ್ ತುಸು ಜಾರಿ ಆ ವ್ಯತ್ಯಾಸ ಕರಗುತ್ತದೆ. ಗಟ್ಟಿ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದ್ದರಿಂದ ಅದು ಶಾಫ್ಟ್ ಮತ್ತು ಗೇರುಗಳಲ್ಲಿ ತಿರುಚಾಗಿ ಶೇಖರವಾಗುತ್ತದೆ; ಸ್ಟೀರಿಂಗ್ ಭಾರವಾಗುತ್ತದೆ, ಕಡಿದಾದ ತಿರುವಿನಲ್ಲಿ ಯಾರೋ ಬ್ರೇಕ್ ಹಿಡಿದಂತೆ ಗಾಡಿ ತಡೆಯುತ್ತದೆ, ಟ್ರಾನ್ಸ್‌ಫರ್ ಲಿವರ್ ಹಲ್ಲು ಕಚ್ಚಿಕೊಂಡು ಕೂರುತ್ತದೆ. ಮಳೆ ಬಿಟ್ಟು ರಸ್ತೆ ಅಲ್ಲಲ್ಲಿ ಒಣಗುತ್ತಿದ್ದಾಗ ಈ ಗಾಡಿಯಲ್ಲಿ ಆದದ್ದೂ ಅದೇ. ಚಾಲಕ ಟೂ ಹೈಗೆ ಮರಳಿಸಲು ಲಿವರ್ ಎಳೆದರು, ಬರಲಿಲ್ಲ. ಹೇಗೂ ಮಣ್ಣಿನ ದಾರಿ ಹತ್ತಿರದಲ್ಲಿದೆಯೆಂದು ಬಿಟ್ಟುಬಿಟ್ಟರು. ಗಾಡಿಯನ್ನು ನೇರವಾಗಿ ಸ್ವಲ್ಪ ದೂರ ಹಿಂದಕ್ಕೆ ಓಡಿಸಿದ್ದರೆ ತಿರುಚು ಬಿಟ್ಟುಕೊಂಡು ಲಿವರ್ ಸಲೀಸಾಗಿ ಬರುತ್ತಿತ್ತು. ಮಧ್ಯದ ಡಿಫರೆನ್ಷಿಯಲ್ ಇರುವ ಫುಲ್ ಟೈಮ್ ಗಾಡಿಗಳಿಗೆ, ಅದನ್ನು ಲಾಕ್ ಮಾಡದೆ ಇರುವವರೆಗೆ, ಈ ತೊಂದರೆಯಿಲ್ಲ. ತಮ್ಮ ಗಾಡಿ ಯಾವ ಬಗೆಯದೆಂದು ಕೈಪಿಡಿ ನೋಡಿ ತಿಳಿದುಕೊಳ್ಳದೆ ಲಿವರಿಗೆ ಕೈ ಹಾಕುವವರು ಆಶ್ಚರ್ಯವಾಗುವಷ್ಟು ಮಂದಿ ಇದ್ದಾರೆ.

ಈ ಸಣ್ಣ ಪ್ರಸಂಗದ ಪರಿಣಾಮ ಮಣ್ಣಿನ ದಾರಿಯಲ್ಲಿ ಯಾಂತ್ರಿಕವಾಗಿ ಉಳಿಯಲಿಲ್ಲ, ತಿರುಚು ಅಲ್ಲಿ ತಾನಾಗಿಯೇ ಕಳೆಯಿತು. ಉಳಿದದ್ದು ಚಾಲಕನ ಮನಸ್ಸಿನಲ್ಲಿ: ಈ ಲಿವರ್ ಗಟ್ಟಿ, ಇದರ ಸ್ವಭಾವವೇ ಹೀಗೆ ಎಂಬ ಭಾವನೆ. ಮುಂದೆ ಏರಿನ ನಡುವೆ ಅದೇ ಲಿವರ್ ಅರ್ಧಕ್ಕೆ ನಿಂತು ಎಚ್ಚರಿಕೆ ಕೊಟ್ಟಾಗ, ಅದನ್ನು ಎಚ್ಚರಿಕೆಯೆಂದು ಅವರು ಓದಲಿಲ್ಲ.

ಏರಿನಲ್ಲಿ ನಡೆದದ್ದು

ಗಾಡಿ ಫೋರ್ ಹೈನಲ್ಲಿ, ಎರಡನೇ ಗೇರಿನಲ್ಲಿ, ಸ್ವಲ್ಪ ಓಟ ತೆಗೆದುಕೊಂಡು ಏರು ಹತ್ತಿತು. ಜೇಡಿಮಣ್ಣಿನ ಭಾಗವನ್ನು ಆ ಓಟದ ಬಲದಿಂದ ದಾಟಿತಾದರೂ ಅಲ್ಲಿ ವೇಗ ಬಹುಪಾಲು ಕರಗಿತು. ಗರಸಿನ ಭಾಗಕ್ಕೆ ಬಂದಾಗ ಹಿಡಿತ ಸಿಕ್ಕಿತು, ಆದರೆ ಎಂಜಿನ್ನಿಗೆ ಎಳೆಯುವ ಶಕ್ತಿ ಸಾಲಲಿಲ್ಲ. ಶಬ್ದ ಕುಗ್ಗುತ್ತ ಗಾಡಿ ನಡುಗತೊಡಗಿದಾಗ ಚಾಲಕ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದರು. ಗಾಡಿ ನಿಂತಿತು. ಇಲ್ಲಿಯವರೆಗೆ ಆದದ್ದು ವಿಫಲ ಯತ್ನವೇ ಹೊರತು ಅಪಘಾತವಲ್ಲ.

ಎಂಜಿನ್ ಸೋತ ಕಾರಣವನ್ನು ಲೆಕ್ಕದಲ್ಲಿ ಕಾಣಬಹುದು. ಈ ಗಾಡಿಯಂಥದ್ದರಲ್ಲಿ ಮೊದಲ ಗೇರಿನ ಅನುಪಾತ 4.3, ಎರಡನೆಯದು 2.4, ಆಕ್ಸಲಿನದು 3.9, ಲೋ ರೇಂಜಿನದು 2.6 ಎಂದಿಟ್ಟುಕೊಳ್ಳೋಣ. ಹೈ ರೇಂಜಿನ ಎರಡನೇ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 9.4, ಲೋ ರೇಂಜಿನ ಎರಡನೇ ಗೇರಿನಲ್ಲಿ 24ಕ್ಕೂ ಸ್ವಲ್ಪ ಹೆಚ್ಚು. ಅದೇ ಎಂಜಿನ್, ಅದೇ ಗೇರ್, ಆದರೆ ಚಕ್ರಕ್ಕೆ ಮುಟ್ಟುವ ತಿರುಗುಬಲ ಎರಡೂವರೆ ಪಟ್ಟಿಗಿಂತ ಹೆಚ್ಚು. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಗಾಡಿ ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ, ಓಟ ತೆಗೆದುಕೊಳ್ಳುವ ಅಗತ್ಯವೇ ಇಲ್ಲದೆ, ಈ ಏರನ್ನು ಹತ್ತುತ್ತಿತ್ತು. ಏರಿನ ಬುಡದಲ್ಲಿ ಒಂದು ನಿಮಿಷ ನಿಂತು ಲಿವರ್ ಬದಲಿಸಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಚಾಲಕ ಆ ಬದಲಾವಣೆಯನ್ನು ಮಾಡಿದ್ದು ಏರಿನ ಮೇಲೆ. ಲಿವರ್ ಫೋರ್ ಹೈನಿಂದ ಹೊರಬಂತು, ಆದರೆ ಲೋ ಗೇರಿನ ಹಲ್ಲುಗಳು ಎದುರಾಬದುರಾಗಿ ನಿಂತಿದ್ದರಿಂದ ಒಳಗೆ ಹೋಗಲಿಲ್ಲ. ಸಮತಟ್ಟಿನಲ್ಲಾದರೆ ಇದು ದಿನನಿತ್ಯದ ವಿಷಯ. ಕ್ಲಚ್ ಬಿಟ್ಟು ಮತ್ತೆ ಒತ್ತಿದರೆ, ಅಥವಾ ಕೈಪಿಡಿ ಹೇಳುವಂತೆ ಗಾಡಿ ತುಸು ಉರುಳಿದರೆ, ಹಲ್ಲು ಕೂರುತ್ತದೆ. ಏರಿನಲ್ಲಿ ಉರುಳಲು ಬಿಡುವಂತಿಲ್ಲ. ಲಿವರ್ ಸಾಕಷ್ಟು ಚಲಿಸಿದ್ದರಿಂದ, ಮತ್ತು ಅದು ಗಟ್ಟಿಯೆಂದು ಮೊದಲೇ ತೀರ್ಮಾನಿಸಿದ್ದರಿಂದ, ಕೂತಿತೆಂದೇ ಚಾಲಕ ಭಾವಿಸಿದರು. ಡ್ಯಾಶ್‌ಬೋರ್ಡಿನ ಫೋರ್ ಲೋ ದೀಪ ಹೊತ್ತಿರಲಿಲ್ಲ, ಅವರ ಕಣ್ಣು ದಾರಿಯ ಮೇಲಿತ್ತು.

ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡಕ್ಕೂ ಚಕ್ರಗಳೊಡನೆ ಸಂಬಂಧ ತಪ್ಪಿಹೋಗಿರುತ್ತದೆ. ಆಗ ಮುಖ್ಯ ಗೇರನ್ನು ಮೊದಲನೆಯದಕ್ಕೆ ಹಾಕಿದರೂ, ಆಟೋಮ್ಯಾಟಿಕ್ ಗಾಡಿಯಲ್ಲಿ ಪಾರ್ಕ್‌ಗೆ ಹಾಕಿದರೂ, ಗಾಡಿಯನ್ನು ಹಿಡಿದಿಡುವುದು ಬ್ರೇಕ್ ಮಾತ್ರ. ಚಾಲಕ ಮೊದಲು ಹ್ಯಾಂಡ್ ಬ್ರೇಕ್ ಇಳಿಸಿ, ಬಳಿಕ ಬ್ರೇಕ್ ಪೆಡಲಿನಿಂದ ಕಾಲನ್ನು ಆಕ್ಸಿಲರೇಟರಿಗೆ ತಂದು ಕ್ಲಚ್ ಬಿಟ್ಟರು. ಎಂಜಿನ್ ಖಾಲಿ ಏರಿತು, ಗಾಡಿ ಹಿಂದಕ್ಕೆ ಹೊರಟಿತು. ಈ ಕ್ರಮವನ್ನು ತಿರುವುಮುರುವು ಮಾಡಿದ್ದರೆ ಸತ್ಯ ಅಲ್ಲಿಯೇ ತಿಳಿಯುತ್ತಿತ್ತು. ಹ್ಯಾಂಡ್ ಬ್ರೇಕ್ ಬಿಗಿಯಾಗಿಯೇ ಇದ್ದಾಗ ಕ್ಲಚ್ಚನ್ನು ನಿಧಾನವಾಗಿ ಮೇಲೆ ಬಿಟ್ಟರೆ, ಗೇರ್ ಕೂತಿದ್ದಲ್ಲಿ ಎಂಜಿನ್ನಿನ ಸದ್ದು ಕುಗ್ಗುತ್ತದೆ, ಬಾನೆಟ್ ತುಸು ಮೇಲೇಳುತ್ತದೆ, ಕಾಲಿನಡಿ ಸಣ್ಣ ನಡುಕ ಬರುತ್ತದೆ. ಕ್ಲಚ್ ಪೂರ್ತಿ ಬಿಟ್ಟರೂ ಸದ್ದು ಬದಲಾಗದಿದ್ದರೆ ಚಕ್ರಕ್ಕೆ ಏನೂ ತಲುಪುತ್ತಿಲ್ಲವೆಂದೇ ಅರ್ಥ. ದೀಪಕ್ಕಿಂತ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಬಲ್ಬ್ ಸುಟ್ಟಿರಬಹುದು, ಸ್ವಿಚ್‌ಗೆ ಕೆಸರು ಹಿಡಿದಿರಬಹುದು, ಕ್ಲಚ್ ಕಚ್ಚುವ ಸದ್ದು ಸುಳ್ಳು ಹೇಳುವುದಿಲ್ಲ.

ಬ್ರೇಕ್ ಒತ್ತಿದರೂ ಮೂತಿ ತಿರುಗಿದ್ದೇಕೆ

18 ಡಿಗ್ರಿ ಇಳಿಜಾರಿನಲ್ಲಿ ತಡೆಯಿಲ್ಲದೆ ಉರುಳುವ ಗಾಡಿ ಒಂದೇ ಸೆಕೆಂಡಿನಲ್ಲಿ ಗಂಟೆಗೆ ಸುಮಾರು 11 ಕಿ.ಮೀ. ವೇಗ ಪಡೆಯುತ್ತದೆ. ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಗರಸಿನ ಭಾಗ ಬಿಟ್ಟು ಜೇಡಿಮಣ್ಣಿಗೆ ಇಳಿದಿತ್ತು. ಯಾವುದೇ ಇಳಿಜಾರಿನಲ್ಲಿ ಚಕ್ರ ಲಾಕ್ ಆದ ಗಾಡಿ ನಿಲ್ಲಬೇಕಾದರೆ ಘರ್ಷಣಾಂಕವು ಆ ಕೋನದ ಟ್ಯಾಂಜೆಂಟಿಗಿಂತ ಹೆಚ್ಚಿರಬೇಕು. 18 ಡಿಗ್ರಿಗೆ ಅದು 0.325. ನೆನೆದ ಜೇಡಿಮಣ್ಣಿನಲ್ಲಿ ಹಿಡಿತ 0.3ರ ಆಸುಪಾಸಿಗೆ ಇಳಿಯಬಹುದು. ಅಂದರೆ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಬಲವಾಗಿ ಒತ್ತಿದರೂ, ಆ ಜಾಗದಲ್ಲಿ ಗಾಡಿ ನಿಲ್ಲುವಂತಿರಲಿಲ್ಲ. ಹತ್ತುವಾಗ ಓಟದ ಬಲದಿಂದ ದಾಟಿದ ನೆಲ ಇಳಿಯುವಾಗ ನಿಲ್ಲಲು ಜಾಗ ಕೊಡುತ್ತದೆಯೆಂದು ನಂಬಬಾರದೆನ್ನುವುದು ಇದಕ್ಕಾಗಿಯೇ.

ತಿರುಗಿದ್ದಕ್ಕೆ ಕಾರಣ ಬೇರೆ. ಏರಿಗೆ ಮುಖ ಮಾಡಿ ನಿಂತ ಗಾಡಿಯ ಭಾರ ಹಿಂದಿನ ಆಕ್ಸಲಿಗೆ ಸರಿಯುತ್ತದೆ. ಹಿಂಬದಿಯಲ್ಲಿ ಸಾಮಾನು ತುಂಬಿದ ಈ ಗಾಡಿಯಲ್ಲಿ ಮುಂದಿನ ಚಕ್ರಗಳ ಮೇಲೆ ಒಟ್ಟು ಭಾರದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಉಳಿದಿತ್ತೆಂದು ಲೆಕ್ಕ ಹಾಕಬಹುದು. ಗಾಡಿಗಳ ಬ್ರೇಕ್ ವ್ಯವಸ್ಥೆಯನ್ನು ಮಾಡಿರುವುದೋ ಮುಂದಕ್ಕೆ ಓಡುವಾಗ ನಿಲ್ಲಿಸಲೆಂದು, ಆಗ ಭಾರ ಮುಂದಕ್ಕೆ ಬರುವುದರಿಂದ ಮುಂದಿನ ಚಕ್ರಗಳಿಗೆ ಹೆಚ್ಚು ಬಲ ಕೊಟ್ಟಿರುತ್ತಾರೆ. ಭಾರವಿಲ್ಲದ ಚಕ್ರಕ್ಕೆ ಹೆಚ್ಚಿನ ಬ್ರೇಕ್ ಬಿದ್ದಾಗ ಅದು ಮೊದಲು ಲಾಕ್ ಆಗುತ್ತದೆ. ಲಾಕ್ ಆದ ಚಕ್ರಕ್ಕೆ ಪಕ್ಕದ ಹಿಡಿತ ಇರುವುದಿಲ್ಲ, ಸ್ಟೀರಿಂಗ್ ತಿರುಗಿಸಿದರೂ ಉಪಯೋಗವಿಲ್ಲ. ಹಿಂದಕ್ಕೆ ಜಾರುವ ಗಾಡಿಯಲ್ಲಿ ಮೇಲಿರುವ ಮೂತಿ ಸಡಿಲವಾಗಿ, ಕೆಳಗಿನ ಹಿಂಬದಿ ಇನ್ನೂ ಹಿಡಿದುಕೊಂಡಿದ್ದರೆ, ಮೂತಿ ಒಂದು ಪಕ್ಕಕ್ಕೆ ಬೀಸಿಯೇ ಬೀಸುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಸ್ವಲ್ಪ ಸಡಿಲಿಸಿ ಚಕ್ರ ಉರುಳಲು ಬಿಟ್ಟರೆ ಗಾಡಿ ನೇರವಾಗುವ ಸಾಧ್ಯತೆ ಇದೆ. ಹಾಗೆ ಮಾಡಲು ಮೊದಲೇ ಅಭ್ಯಾಸ ಇರಬೇಕು, ಏಕೆಂದರೆ ಹಿಂದಕ್ಕೆ ಉರುಳುವಾಗ ಬ್ರೇಕಿನಿಂದ ಕಾಲು ತೆಗೆಯಲು ಯಾರ ಮನಸ್ಸೂ ಒಪ್ಪುವುದಿಲ್ಲ.

ಎಂಜಿನ್ ಬ್ರೇಕಿಂಗ್‌ನ ಬೆಲೆ ಇರುವುದು ಇಲ್ಲಿ. ರಿವರ್ಸ್ ಗೇರ್ ಕೂತು, ಕ್ಲಚ್ ಪೂರ್ತಿ ಬಿಟ್ಟಿದ್ದರೆ, ಬಿಗಿದುಕೊಂಡ ಎರಡೂ ಶಾಫ್ಟುಗಳ ಮೂಲಕ ಎಂಜಿನ್ ನಾಲ್ಕೂ ಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುತ್ತ ತಡೆಯುತ್ತದೆ. ಹಗುರವಾದ ಮುಂದಿನ ಚಕ್ರಗಳಷ್ಟೇ ನಿಂತುಬಿಡುವ ಪ್ರಶ್ನೆ ಬರುವುದಿಲ್ಲ. ಲೋ ರೇಂಜಿನ ಮೊದಲ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 44, ರಿವರ್ಸ್ ಕೂಡ ಅದಕ್ಕೆ ಹತ್ತಿರವಿರುತ್ತದೆ. 800 ಸುತ್ತಿನ ಐಡಲಿನಲ್ಲಿ ಗಾಡಿ ಗಂಟೆಗೆ ಎರಡೂವರೆ ಕಿ.ಮೀ. ಚಿಲ್ಲರೆ ವೇಗದಲ್ಲಿ, ನಡೆಯುವವನಿಗಿಂತ ನಿಧಾನವಾಗಿ ಇಳಿಯುತ್ತದೆ. ಹೈ ರೇಂಜಿನಲ್ಲಾದರೆ ಅದು 7 ಕಿ.ಮೀ. ಹತ್ತಿರ, ಆದರೂ ನೇರವಾಗಿ ಇಳಿಯುತ್ತದೆ.

ಆದ್ದರಿಂದ ಗಾಡಿ ಏರಿನಲ್ಲಿ ನಿಂತ ಕ್ಷಣದಲ್ಲಿ ಮಾಡಬೇಕಾಗಿದ್ದದ್ದು ಟ್ರಾನ್ಸ್‌ಫರ್ ಲಿವರನ್ನು ಮುಟ್ಟದೆ ಇರುವುದು. ಪೆಡಲ್ ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ಎರಡೂ ಬಿಗಿಯಾಗಿರುವಾಗ ಎಂಜಿನ್ ಆಫ್ ಮಾಡಿ, ಇದ್ದ ರೇಂಜಿನಲ್ಲಿಯೇ ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಮುಂದಿನ ಚಕ್ರ ನೇರವಿದೆಯೆಂದು ಹೊರಗೆ ನೋಡಿ ಖಚಿತಪಡಿಸಿಕೊಂಡು, ಬ್ರೇಕುಗಳನ್ನು ನಿಧಾನವಾಗಿ ಸಡಿಲಿಸಿ ಭಾರವನ್ನು ಎಂಜಿನ್ನಿನ ಮೇಲೆ ಬಿಡಬೇಕು. ಆಮೇಲೆ ಗೇರಿನಲ್ಲಿರುವಂತೆಯೇ ಸ್ಟಾರ್ಟ್ ಮಾಡಿದರೆ ಗಾಡಿ ಎಂಜಿನ್ ಹಿಡಿತದಲ್ಲಿ ಹಿಂದಕ್ಕೆ ಇಳಿಯುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು, ಬ್ರೇಕ್ ಹಿಡಿದಿರುವಾಗಲೇ ಕ್ಲಚ್ ಕಚ್ಚುವವರೆಗೆ ತಂದು ಅದೇ ಕೆಲಸ ಮಾಡಬೇಕು. ಆಟೋಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ರಿವರ್ಸ್‌ಗೆ ಹಾಕಿದರಾಯಿತು. ಇಳಿಜಾರು ನಿಯಂತ್ರಕ ಇದ್ದರೆ ಅದನ್ನು ಚಾಲೂ ಮಾಡಿಕೊಳ್ಳಬಹುದು. ಏರಿನಲ್ಲಿಯೇ ರೇಂಜ್ ಬದಲಿಸಲೇಬೇಕಾದ ಪ್ರಸಂಗ ಬಂದರೆ ಮೊದಲು ಇನ್ನೊಬ್ಬರು ಪಕ್ಕದಿಂದ ಬಂದು ಕೆಳಗಿನ ಚಕ್ರಗಳಿಗೆ ಒಳ್ಳೆಯ ಕಲ್ಲು ಕೊಡಬೇಕು, ಕೊಟ್ಟವರು ಗಾಡಿಯ ಹಿಂದಿನಿಂದ ಸರಿದ ಮೇಲಷ್ಟೇ ಲಿವರ್ ಚಲಿಸಬೇಕು.

ವಾಲಿದ ಗಾಡಿಯನ್ನು ಬಿಡಿಸಿದ ಬಗೆ

ದರೆಗೆ ಬಡಿದು ನಿಂತಾಗ ಕೆಳಬದಿಯ ಮುಂದಿನ ಚಕ್ರ ಸುಮಾರು 20 ಸೆಂ.ಮೀ. ಆಳದ ಕೊರಕಲಿಗೆ ಇಳಿದಿತ್ತು. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಗಾಡಿಯಲ್ಲಿ ಅಷ್ಟು ಇಳಿತವೇ ಸುಮಾರು 8 ಡಿಗ್ರಿ ವಾಲಿಕೆ ಕೂಡಿಸುತ್ತದೆ. ಇಳಿಜಾರಿನ 18 ಡಿಗ್ರಿ ಸೇರಿ ಗಾಡಿಯ ಆ ತುದಿ 26 ಡಿಗ್ರಿಯ ಹತ್ತಿರ ಬಾಗಿತ್ತು. ಇಂಥ ಗಾಡಿ ಮಗುಚುವ ಕೋನ ಕಾಗದದ ಲೆಕ್ಕದಲ್ಲಿ 45 ಡಿಗ್ರಿ ಸುತ್ತಮುತ್ತ ಬರುತ್ತದೆ, ಚಾವಣಿಯ 90 ಕಿಲೋ ಅದನ್ನು ಒಂದೂವರೆ ಡಿಗ್ರಿಯಷ್ಟು ಮಾತ್ರ ತಗ್ಗಿಸುತ್ತದೆ. ಹಾಗೆಂದು ನೆಮ್ಮದಿ ಪಡಬಾರದು. ಕೆಳಬದಿಯ ಸ್ಪ್ರಿಂಗ್ ಕುಗ್ಗುವುದು, ಟೈರ್ ಹಿಸುಕುವುದು, ಜಾರುತ್ತಿರುವ ಗಾಡಿ ಕಲ್ಲಿಗೆ ತಡೆದು ಒಮ್ಮೆಗೇ ನಿಲ್ಲುವುದು, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಇವುಗಳಿಂದ ನಿಜವಾದ ಮಿತಿ ಬಹಳ ಕೆಳಗೆ ಬರುತ್ತದೆ. ಚಾವಣಿಯ ಹೊರೆಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಕೊರಕಲಿನ ಬಗ್ಗೆ ಹೇಳುವವರು ಕಡಿಮೆ.

ಈ ಭಾಗವನ್ನು ಅಲ್ಲಿದ್ದವರು ಚೆನ್ನಾಗಿ ನಿಭಾಯಿಸಿದರು. ಎಲ್ಲರೂ ಮೇಲ್ಬದಿಯ ಬಾಗಿಲಿನಿಂದ ಇಳಿದು ಮೇಲಕ್ಕೆ ಸರಿದರು, ಕೆಳಬದಿಗೆ ಯಾರೂ ಹೋಗಲಿಲ್ಲ. ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಟ್ಟಿದ್ದರೂ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದುದರಿಂದ ಅದಕ್ಕೆ ಅರ್ಥವಿಲ್ಲವೆಂದು ಜೊತೆಯ ಗಾಡಿಯವರು ಗುರುತಿಸಿದ್ದು ಮುಖ್ಯವಾಯಿತು. ಇನ್ನೊಂದು ಗಾಡಿ ಸುತ್ತುದಾರಿಯಿಂದ ಮೇಲಿನ ಗಟ್ಟಿ ನೆಲಕ್ಕೆ ಬಂದಿತ್ತು. ಮೊದಲು ವಾಲಿದ ಗಾಡಿಯ ಚಾಸಿಯನ್ನು ಮೇಲ್ಬದಿಯ ದಪ್ಪ ಮರವೊಂದಕ್ಕೆ ಅಗಲ ಪಟ್ಟಿಯಿಂದ ಕಟ್ಟಿ, ಮಗುಚದಂತೆ ಮಾಡಿದ ಮೇಲೆಯೇ ವಿಂಚ್ (ಡ್ರಮ್ಮಿಗೆ ಕೇಬಲ್ ಸುತ್ತಿಕೊಂಡು ಎಳೆಯುವ ಯಂತ್ರ) ಕೇಬಲ್ ಬಿಚ್ಚಲಾಯಿತು. ಹಿಗ್ಗುವ ಹಗ್ಗ ಕಟ್ಟಿ ಓಟ ಕೊಟ್ಟು ಎಳೆಯುವ ಸಲಹೆಯೂ ಬಂದಿತ್ತು. ವಾಲಿದ ಗಾಡಿಗೆ ಆ ಜಗ್ಗು ಕೊಡುವುದು ಅಪಾಯಕರವೆಂದು ಕೈಬಿಟ್ಟದ್ದು ಸರಿಯಾದ ತೀರ್ಮಾನ. ಅಲ್ಲಿ ಬೇಕಾಗಿದ್ದದ್ದು ನಿಧಾನದ, ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಎಳೆತ.

2,400 ಕಿಲೋ ಗಾಡಿಯನ್ನು 18 ಡಿಗ್ರಿ ಏರಿನಲ್ಲಿ ಎಳೆಯಲು ಇಳಿಜಾರಿನ ಪಾಲೇ ಸುಮಾರು 740 ಕಿಲೋ ಆಗುತ್ತದೆ, ಕೆಸರಿನ ತಡೆ ಅದರ ಮೇಲೆ. ವಿಂಚಿನ ಸಾಮರ್ಥ್ಯ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಬೇಕೆಂಬ ರೂಢಿಯ ನಿಯಮಕ್ಕೆ ಕಾರಣವಿದೆ: ತಯಾರಕರು ಹೇಳುವ ಬಲ ಡ್ರಮ್ಮಿನ ಮೊದಲ ಸುತ್ತಿನ ಪದರದಲ್ಲಿ ಮಾತ್ರ ಸಿಗುತ್ತದೆ, ಮೇಲಿನ ಪದರಗಳಲ್ಲಿ ಇಳಿಯುತ್ತ ಹೋಗುತ್ತದೆ. ಇಲ್ಲಿ ಕೇಬಲನ್ನು ರಾಟೆಯ ಮೂಲಕ ಮರಳಿಸಿ ಎಳೆದದ್ದರಿಂದ ಬಲ ಹೆಚ್ಚುಕಡಿಮೆ ಇಮ್ಮಡಿಯಾಯಿತು, ವೇಗ ಅರ್ಧಕ್ಕಿಳಿಯಿತು. ಕೊಕ್ಕೆ ಸಿಕ್ಕಿಸಿದ್ದು ಚಾಸಿಗೆ ಬೋಲ್ಟ್ ಮಾಡಿದ, ತಾಳುವ ಬಲವನ್ನು ಕೆತ್ತಿರುವ ಶ್ಯಾಕಲಿಗೆ (ಉಕ್ಕಿನ ಕೊಂಡಿಗೆ). ಟ್ರೇಲರ್ ಎಳೆಯುವ ಚೆಂಡಿನಾಕಾರದ ಕೊಂಡಿಗೆ ಸಿಕ್ಕಿಸಿ ಎಳೆಯುವುದನ್ನು ಈಗಲೂ ಕಾಣುತ್ತೇವೆ. ಅದು ಮುರಿದರೆ ಗುಂಡಿನಂತೆ ಹಾರಿಬರುತ್ತದೆ, ಇದರಿಂದ ಸಾವುಗಳಾಗಿವೆ. ಕೇಬಲ್ ಮೇಲೆ ಭಾರವಾದ ಹೊದಿಕೆ ಹಾಕಿ, ನೋಡುವವರನ್ನು ಕೇಬಲಿನ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿ, ಒಬ್ಬರ ಕೈಸನ್ನೆಯನ್ನಷ್ಟೇ ಪಾಲಿಸುತ್ತ ಮೂತಿಯನ್ನು ಮೇಲ್ಮುಖವಾಗಿ ನೇರ ಮಾಡಿ, ಗಾಡಿಯನ್ನು ಮೇಲಕ್ಕೆ ತರಲಾಯಿತು.

ರಸ್ತೆಗೆ ಮರಳುವ ಮೊದಲು

ಆ ದಿನ ಟೈರುಗಳಲ್ಲಿ ರಸ್ತೆಯ 35 ಪಿಎಸ್ಐ ಒತ್ತಡವೇ ಇತ್ತು. ಏರಿಗೆ ಮುಂಚೆ ಅದನ್ನು 22ರ ಆಸುಪಾಸಿಗೆ ಇಳಿಸಿದ್ದರೆ ನೆಲಕ್ಕೆ ತಾಗುವ ಭಾಗ ಉದ್ದವಾಗಿ ಜೇಡಿಮಣ್ಣಿನಲ್ಲಿ ವೇಗ ಅಷ್ಟು ಕರಗುತ್ತಿರಲಿಲ್ಲ. ಇಳಿಸಿದ್ದರೆ ಡಾಂಬರು ಸೇರುವ ಮುಂಚೆ ಮತ್ತೆ ತುಂಬಿಸಬೇಕಿತ್ತು. ಕಡಿಮೆ ಗಾಳಿಯ ಟೈರ್ ವೇಗದಲ್ಲಿ ಬಿಸಿಯೇರಿ ಸಿಡಿಯಬಹುದು. ಮರಳುವಾಗ ಲಿವರನ್ನು ಟೂ ಹೈಗೆ ತಂದು, ರಿಮ್ಮಿನ ಒಳಬದಿಗೆ ಮೆತ್ತಿದ ಕೆಸರನ್ನು ಕೋಲಿನಿಂದ ಕೆರೆದು ತೆಗೆದು, ನಿಧಾನ ವೇಗದಲ್ಲಿ ಹಲವು ಬಾರಿ ಬ್ರೇಕ್ ಒತ್ತಿ ಒಣಗಿಸಿಕೊಂಡರು. ರಿಮ್ಮಿನ ಕೆಸರು ಬಿಟ್ಟರೆ ಗಂಟೆಗೆ 60 ಕಿ.ಮೀ. ದಾಟಿದೊಡನೆ ಸ್ಟೀರಿಂಗ್ ನಡುಗುತ್ತದೆ, ಚಾಲಕ ಅದನ್ನು ಅಪಘಾತದಿಂದಾದ ಹಾನಿಯೆಂದು ತಪ್ಪಾಗಿ ತಿಳಿಯುತ್ತಾನೆ.

ಬಳಿಕ ವರ್ಕ್‌ಶಾಪಿನಲ್ಲಿ ಟ್ರಾನ್ಸ್‌ಫರ್ ಕೇಸನ್ನೂ ಲಿವರಿನ ಜೋಡಣೆಯನ್ನೂ ಬಿಚ್ಚಿ ನೋಡಲಾಯಿತು. ಹಲ್ಲುಗಳು ಸವೆದಿರಲಿಲ್ಲ, ಎಣ್ಣೆಯಲ್ಲಿ ಲೋಹದ ಪುಡಿ ಇರಲಿಲ್ಲ, ಫೋರ್ ಲೋ ದೀಪದ ಸ್ವಿಚ್ ಸರಿಯಾಗಿತ್ತು. ಸಮತಟ್ಟು ನೆಲದಲ್ಲಿ, ಮುಖ್ಯ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಒತ್ತಿದಾಗ ಲಿವರ್ ಎರಡು ಬೆರಳಿನ ಬಲಕ್ಕೆ ಲೋ ಸ್ಥಾನಕ್ಕೆ ಹೋಗಿ ಕೂತಿತು, ದೀಪವೂ ಹೊತ್ತಿತು.